ಹೆಸರು ಕರೆದರೆ ತಿರುಗದವರು

ಕಲ್ಲು ಕಪ್ಪಗಿತ್ತು ಎಂದು ನನ್ನ ನೆನಪು. ಬೂದು ಬಣ್ಣ ಇದ್ದರೂ ಇರಬಹುದು. ಪ್ರದರ್ಶನ ನಡೆದದ್ದು ಸಿಡ್ನಿಯಲ್ಲಿ ಎಂಬುದು ಖಚಿತ, ಯಾಕೆಂದರೆ ವಾಪಸ್ ಬರುವಾಗ ಅಲ್ಲಿಯದೇ ಬಡಾವಣೆ ಪೆಂಡಲ್ ಹಿಲ್‌ನಲ್ಲಿ ಇಳಿದು ದೋಸೆ ತಿಂದಿದ್ದೆವು. ಅತ್ತೆ ಉಟ್ಟದ್ದು ಹಸಿರು ಸೀರೆಯೋ ಅಥವಾ ಅದರ ಮೇಲೆ ಹಾಕಿಕೊಂಡಿದ್ದ ನನ್ನ ಹಸಿರು ಜಾಕೆಟ್ಟೇ ನೆನಪಿನಲ್ಲಿ ಸೀರೆಗೂ ಬಣ್ಣ ಬಿಟ್ಟಿದೆಯೋ, ಹೇಳಲಾರೆ. ಕಾಲೇಜಿನಿಂದಲೂ ಡೈರಿ ಬರೆಯುತ್ತ ಬಂದಿದ್ದೇನೆ. ಆವತ್ತಿನ ಪುಟ ತೆಗೆದು ನೋಡಿದರೆ ಅಲ್ಲಿರುವುದು ಇಷ್ಟೇ: "ಅತ್ತೆ ಜೊತೆ ಮ್ಯೂಸಿಯಂ. ಕಾಲು ನೋವು. ದೋಸೆ ಪರವಾಗಿಲ್ಲ." ಮುಖ್ಯವಾದದ್ದು ನಡೆದ ದಿನವೇ ಅದು ಮುಖ್ಯ ಎಂದು ಗೊತ್ತಾಗುವುದಿಲ್ಲ ಎನ್ನುವುದಕ್ಕೆ ನನ್ನ ಡೈರಿಯೇ ಸಾಕ್ಷಿ. ಹಾಗಾಗಿ ಕೆಳಗಿನದನ್ನು ಅರ್ಧ ಅನುಮಾನ ಇಟ್ಟುಕೊಂಡೇ ಓದಬೇಕು. ಅನುಮಾನ ಪಡುವುದನ್ನು ನನಗೆ ಕಲಿಸಿದವರೂ ಅತ್ತೆಯೇ.

ಅತ್ತೆ ತೀರಿಕೊಂಡು ಎರಡು ತಿಂಗಳಾಗಿದೆ. ಮೆಲ್ಬರ್ನ್‌ನ ಸ್ಮಶಾನದ ತೋಟದಲ್ಲಿ ಒಂದು ಗುಲಾಬಿ ಗಿಡದ ಬುಡಕ್ಕೆ ಅವರ ಹೆಸರಿನ ಕಂಚಿನ ಫಲಕ ಹಾಕಿಸಬೇಕೆಂದು ಮಾವನ ಆಸೆ. ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಇರಲಿ ಎಂದರು. ಕೆತ್ತುವವರಿಗೆ ಕನ್ನಡ ಬಾರದು, ಅವರ ಕಂಪ್ಯೂಟರಿಗೆ ಇನ್ನೂ ಬಾರದು. ಹೆಸರಿನಲ್ಲಿ ಒಂದು ಒತ್ತಕ್ಷರವಿದೆ, ಅದು ಅಲ್ಲಿ ಒಡೆದು ಪಕ್ಕಕ್ಕೆ ಬಂದು ಕೂತುಬಿಡುತ್ತದೆ. "ನೀನೇ ನೀಟಾಗಿ ಬರೆದು ಸ್ಕ್ಯಾನ್ ಮಾಡಿ ಕಳಿಸಮ್ಮ, ಅವರು ಹಾಗೇ ಕೆತ್ತುತಾರಂತೆ" ಎಂದು ಮಾವ ನನಗೆ ಒಪ್ಪಿಸಿದರು. ಒಂದೇ ಒಂದು ಹೆಸರು. ಒಂದು ಬಿಳಿ ಹಾಳೆ, ಒಂದು ಕಪ್ಪು ಪೆನ್ನು. ನಾನಿನ್ನೂ ಕಳಿಸಿಲ್ಲ. ಆ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಯಾಕೆ ಎಂದು ನನಗೇ ಸ್ಪಷ್ಟ ಮಾಡಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ಮಾವ ನನ್ನ ಅಮ್ಮನಿಗೆ ದೊಡ್ಡಪ್ಪನ ಮಗ. ನಾನು ಹುಟ್ಟುವಷ್ಟರಲ್ಲಿ ಅವರು ಮೈಸೂರು ಬಿಟ್ಟು ಮೆಲ್ಬರ್ನ್ ಸೇರಿ ಆಗಿತ್ತು. ನಾನು ಓದಲೆಂದು ಸಿಡ್ನಿಗೆ ಬಂದ ವರ್ಷ, ಕ್ರಿಸ್‌ಮಸ್ ರಜೆಗೆ ಬಸ್ಸು ಹತ್ತಿ ಅವರ ಮನೆಗೆ ಹೋದೆ. ಅತ್ತೆಯನ್ನು ಅದೇ ಮೊದಲು ನೋಡಿದ್ದು. ಮಕ್ಕಳಿಲ್ಲದ ಮನೆ. ಅತ್ತೆ ಕುಳ್ಳಗೆ, ಚುರುಕಾಗಿ ಇದ್ದರು. ಖಾಲಿ ಕೈಯಲ್ಲಿ ಹೋಗಬಾರದೆಂದು ಒಂದು ಹೂದಾನಿ ಒಯ್ದಿದ್ದೆ. ಥ್ಯಾಂಕ್ಸ್ ಹೇಳುವ ಮೊದಲು ಅದನ್ನು ತಲೆಕೆಳಗು ಮಾಡಿ ತಳ ನೋಡಿದರು.

"ಮೇಡ್ ಇನ್ ಚೈನಾ," ಎಂದರು. "ಪರವಾಗಿಲ್ಲ ಬಿಡು, ಹೂವಿಗೆ ಗೊತ್ತಾಗಲ್ಲ."

ಯಾವ ವಸ್ತುವನ್ನೂ ಅವರು ಮುಂದಿನಿಂದ ನೋಡುತ್ತಿರಲಿಲ್ಲ. ಸೀರೆ ತೋರಿಸಿದರೆ ಸೆರಗು ಮಗುಚಿ ಹಿಂಬದಿಯ ನೂಲು ನೋಡುತ್ತಿದ್ದರು. ಫೋಟೋ ಕೊಟ್ಟರೆ ಹಿಂದೆ ಏನು ಬರೆದಿದೆ ಎಂದು ತಿರುಗಿಸುತ್ತಿದ್ದರು. ಮುಂದೆ ನನ್ನನ್ನು ಮದುವೆಯಾದವನನ್ನು ಮೊದಲ ಸಲ ಅವರ ಮನೆಗೆ ಕರೆದುಕೊಂಡು ಹೋದಾಗ, ಅವನು ಒಳಗೆ ಕಾಫಿ ಕುಡಿಯುತ್ತಿದ್ದರೆ ಇವರು ಬಾಗಿಲಲ್ಲಿ ಬಿಟ್ಟಿದ್ದ ಅವನ ಶೂ ಎತ್ತಿ ಹಿಮ್ಮಡಿ ಪರೀಕ್ಷೆ ಮಾಡುತ್ತಿದ್ದರು.

"ಒಂದೇ ಕಡೆ ಸವೆದಿದೆ ಕಣೇ. ಒಂದೇ ಕಡೆ ವಾಲ್ತಾನೆ ಹುಡುಗ."

"ಯಾವ ಕಡೆ ಅತ್ತೆ?"

"ಅವರಮ್ಮನ ಕಡೆ."

ನಾನು ನಕ್ಕೆ. ಈಗ ಆ ಮಾತನ್ನು ನೆನೆದು ಪೂರ್ತಿಯಾಗಿ ನಗುವುದಿಲ್ಲ.

ಸಿಡ್ನಿಗೆ ಬಂದರೆ ಪೆಂಡಲ್ ಹಿಲ್‌ನ ಅಂಗಡಿ ಸಾಲು ಅವರಿಗೆ ಬೇಟೆಯ ಕಾಡು. ಒಮ್ಮೆ ತೊಗರಿಬೇಳೆ ಪ್ಯಾಕೆಟ್ಟಿನ ತಾರೀಖಿನ ಚೀಟಿಯ ಕೆಳಗೆ ಇನ್ನೊಂದು ಚೀಟಿ ಇರುವುದು ಅವರ ಉಗುರಿಗೆ ತಿಳಿಯಿತು. ನಿಂತಲ್ಲೇ ಕೆರೆದು ಕೀಳತೊಡಗಿದರು. ಅಂಗಡಿಯ ಹುಡುಗಿ ಕೌಂಟರಿನಿಂದಲೇ ಹಿಂದಿಯಲ್ಲಿ ಕೂಗಿದಳು, "ಆಂಟೀಜೀ, ಸ್ಟಿಕರ್ ಕಿತ್ತರೆ ನೀವೇ ತಗೊಂಡು ಹೋಗಬೇಕಾಗುತ್ತೆ!" ಅತ್ತೆ ಪೂರ್ತಿ ಕಿತ್ತೇ ಬಿಟ್ಟರು. ಕೆಳಗೂ ಅದೇ ತಾರೀಖು.

"ನೋಡಿದ್ರಾ, ಮೋಸ ಏನೂ ಇಲ್ಲ," ಎಂದೆ.

"ಅದೇ ತಾರೀಖು ಆದ್ರೆ ಎರಡು ಸಲ ಯಾಕೆ ಅಂಟಿಸ್ಬೇಕು?" ಎಂದರು ಅತ್ತೆ. "ಬೇರೆ ಇದ್ದಿದ್ರೆ ಮೋಸ ಅಂತ ಒಪ್ಕೋಬಹುದಿತ್ತು. ಒಂದೇ ಇದೆ ಅನ್ನೋದೇ ನಂಗೆ ಅನುಮಾನ." ಬೇಳೆ ಕೊಂಡು ತಂದೆವು. ಚೆನ್ನಾಗಿಯೇ ಬೆಂದಿತು.

ಅವರಲ್ಲಿ ನನಗೆ ಅರ್ಥವಾಗದ ಒಂದು ಸಂಗತಿ ಇತ್ತು. ಹೆಸರು ಹಿಡಿದು ಕರೆದರೆ ಅವರು ತಿರುಗುತ್ತಿರಲಿಲ್ಲ. ನಮ್ಮವರ ನಡುವೆ ಇದು ಗೊತ್ತಾಗುವ ಸಂದರ್ಭವೇ ಇಲ್ಲ. ನನಗೆ ಅವರು ಅತ್ತೆ, ನನ್ನಮ್ಮನಿಗೆ ಅತ್ತಿಗೆ, ಮೆಲ್ಬರ್ನಿನ ಕನ್ನಡದ ಮಕ್ಕಳಿಗೆಲ್ಲ ಆಂಟಿ. ಮಾವನಂತೂ ಆ ಕಾಲದ ಗಂಡ. "ಇವಳೇ" ಎನ್ನುವುದೇ ಅವರು ಕರೆಯುವ ಹೆಸರು. ಅತ್ತೆಯ ಹೆಸರು ಬಳಕೆಗೆ ಬರುತ್ತಿದ್ದದ್ದು ಆಸ್ಟ್ರೇಲಿಯಾದವರ ಬಾಯಲ್ಲಿ ಮಾತ್ರ. ಒಂದು ಸಲ ಕಣ್ಣಿನ ಡಾಕ್ಟರ ಹತ್ತಿರ ಅವರ ಜೊತೆ ನಾನು ಹೋಗಿದ್ದೆ. ರಿಸೆಪ್ಶನಿಸ್ಟ್ ಒತ್ತಕ್ಷರವನ್ನು ನುಂಗಿಕೊಂಡು, ಆದರೂ ಗುರುತು ಸಿಗುವ ಹಾಗೆ, ಕರೆದಳು. ಅತ್ತೆ ಗೋಡೆಯ ಮೇಲಿನ ಚಿತ್ರ ನೋಡುತ್ತ ಕೂತಿದ್ದರು. ಮತ್ತೆ ಕರೆದಳು.

"ಅತ್ತೆ, ನಿಮ್ಮನ್ನೇ."

"ಓ, ನನ್ನನ್ನಾ?"

"ಕಣ್ಣಿನ ಜೊತೆ ಕಿವೀನೂ ಟೆಸ್ಟ್ ಮಾಡಿಸಿಬಿಡಿ," ಎಂದೆ.

"ಕಿವಿ ಚೆನ್ನಾಗಿದೆ. ಪಕ್ಕದ ಮನೆ ಗ್ರೀಕ್ ಅಜ್ಜಿ ಮನಸ್ಸಲ್ಲಿ ಬೈದ್ರೂ ಕೇಳತ್ತೆ ನಂಗೆ."

ಅದು ನಿಜ. ಅಡುಗೆಮನೆಯಿಂದ ನಾನು ಪಿಸುಗುಟ್ಟಿದ್ದು ಹಿತ್ತಲಲ್ಲಿದ್ದ ಅವರಿಗೆ ಕೇಳಿಸುತ್ತಿತ್ತು. ಹಾಗಾದರೆ ಹೆಸರು ಯಾಕೆ ಕೇಳಿಸುವುದಿಲ್ಲ? ಆಗ ನಾನು ಇದನ್ನು ಅವರ ಜಂಬ ಅಂದುಕೊಂಡಿದ್ದೆ.

ಈಗ ಆ ಕಲ್ಲಿನ ವಿಷಯ. ಅತ್ತೆ ಬಿ.ಎ.ಯಲ್ಲಿ ಚರಿತ್ರೆ ಓದಿದವರು. ಟೀವಿಯಲ್ಲಿ ಈಜಿಪ್ಟ್ ಬಂದರೆ ಒಲೆಯ ಮೇಲಿನ ಹಾಲು ಮರೆಯುತ್ತಿದ್ದರು. ಸಿಡ್ನಿಯಲ್ಲಿ ಪ್ರದರ್ಶನ ಬಂದಿದೆ ಎಂದು ನಾನು ಹೇಳಿದ್ದಕ್ಕೆ ಮಾವನನ್ನು ಮೆಲ್ಬರ್ನ್‌ನಲ್ಲೇ ಬಿಟ್ಟು ಒಬ್ಬರೇ ಬಂದರು. ನಾನು ಮ್ಯಾಕ್ವೆರಿ ಪಾರ್ಕ್‌ನ ಆಫೀಸಿಗೆ ರಜೆ ಹಾಕಿ ಕರೆದುಕೊಂಡು ಹೋದೆ. ಜನ ಚಿನ್ನದ ಒಡವೆಗಳ ಮುಂದೆ ಸಾಲು ನಿಂತಿದ್ದರು. ಅತ್ತೆ ಅದನ್ನು ದಾಟಿ, ಕೂತ ಭಂಗಿಯ ಒಬ್ಬ ರಾಜನ ವಿಗ್ರಹದ ಹತ್ತಿರ ಹೋದರು. ಹೋದವರು ನೇರ ಅದರ ಬೆನ್ನ ಹಿಂದೆ.

"ಇಲ್ಲಿ ಬಾ, ಇಲ್ಲಿ ಏನೋ ತೀಡಿದ್ದಾರೆ."

ಬೆನ್ನಿಗೆ ಒತ್ತಿಕೊಂಡಂತಿದ್ದ ಕಲ್ಲಿನ ಪಟ್ಟಿಯ ಮೇಲೆ ಚಿತ್ರಲಿಪಿ ಇತ್ತು. ಒಂದು ಕಡೆ ಕಲ್ಲು ತುಸು ತಗ್ಗಾಗಿತ್ತು, ಸವೆದ ರುಬ್ಬುಕಲ್ಲಿನ ಹಾಗೆ. ಅಲ್ಲಿದ್ದ ವಾಲಂಟಿಯರ್, ಬಿಳಿ ಗಡ್ಡದ ವಯಸ್ಸಾದ ಮನುಷ್ಯ, ಖುಷಿಯಿಂದ ಹತ್ತಿರ ಬಂದ. ಎಲ್ಲರೂ ಮುಖ ನೋಡಿ ಹೋಗುತ್ತಾರೆ, ನೀವು ಸರಿಯಾದ ಜಾಗ ನೋಡಿದಿರಿ, ಎಂದ. ಅವನು ವಿವರಿಸಿದ್ದು, ನನಗೆ ನೆನಪಿರುವಂತೆ, ಇದು: ಈ ವಿಗ್ರಹ ಮಾಡಿಸಿದ್ದು ಒಬ್ಬ ರಾಜ. ಅವನು ಸತ್ತು ನೂರಾರು ವರ್ಷ ಆದ ಮೇಲೆ ಬಂದ ಇನ್ನೊಬ್ಬ ರಾಜ ಹೊಸ ಕಲ್ಲು ತರಿಸುವ ಗೋಜಿಗೆ ಹೋಗದೆ, ಇದರ ಮೇಲಿನ ಹೆಸರನ್ನು ತೀಡಿ ಅಳಿಸಿ ತನ್ನ ಹೆಸರು ಕೊರೆಸಿಕೊಂಡ. ಸೊಂಟಪಟ್ಟಿಯಲ್ಲಿ, ಆಸನದ ಪಕ್ಕಗಳಲ್ಲಿ, ಬೆನ್ನಲ್ಲಿ. ಮುಖ ಮಾತ್ರ ಹಳೆಯವನದೇ ಉಳಿಯಿತು. ಕಿವಿ, ಕಣ್ಣಿನ ಕೆತ್ತನೆ ನೋಡಿದರೆ ಯಾವ ಕಾಲದ್ದೆಂದು ತಜ್ಞರಿಗೆ ತಿಳಿಯುತ್ತದಂತೆ. ಹೆಸರು ಉಳಿದರೆ ಮಾತ್ರ ಸತ್ತವನು ಉಳಿಯುತ್ತಾನೆ ಎಂದು ಆ ಜನ ನಂಬಿದ್ದರಂತೆ.

"ದ ಫಸ್ಟ್ ಒನ್, ಹೀ ಡಿಡ್ ನಾಟ್ ಮೈಂಡ್?" ಎಂದು ಅತ್ತೆ ಕೇಳಿದರು.

ವಾಲಂಟಿಯರ್ ನಕ್ಕು, ಅವನು ಸತ್ತು ಯಾವ ಕಾಲವಾಗಿತ್ತೋ ತಾಯಿ, ಅಂದ.

ಅತ್ತೆ ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದರು. "ಸತ್ತಿದ್ನಂತೆ. ಸರಿ. ಈ ಕಲ್ಲಿನ ಗತಿ? ಯಾರಾದ್ರೂ ಕರೆದ್ರೆ ಇದು ಯಾವ ಹೆಸರಿಗೆ ಓ ಅನ್ಬೇಕು?"

"ಕಲ್ಲು ಓ ಅನ್ನಲ್ಲ ಅತ್ತೆ."

"ಅದಕ್ಕೇ ಇಷ್ಟು ವರ್ಷ ಉಳ್ಕೊಂಡಿದೆ," ಎಂದರು.

ನಾನು ಕಾಲು ಬದಲಿಸಿ ನಿಂತೆ. ಹೊಸ ಚಪ್ಪಲಿ ಕಚ್ಚುತ್ತಿತ್ತು. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ಅದನ್ನು ಅವರು ನಿಜವಾಗಿ ಹೇಳಿದರೇ ಅಥವಾ ಈಚೆಗೆ ನಾನೇ ಅವರ ಬಾಯಲ್ಲಿ ಕೊರೆದಿದ್ದೇನೆಯೇ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೇಳಿದರು ಎಂದೇ ಅನಿಸುತ್ತದೆ, ಯಾಕೆಂದರೆ ಅವರ ಬೆರಳು ಗಾಳಿಯಲ್ಲಿ ಆ ತಗ್ಗನ್ನು ಸವರುತ್ತಿದ್ದದ್ದು ನನಗೆ ಕಾಣುತ್ತದೆ.

"ಅಳಿಸಿ ಬರೆದವನು ಒಂದು ಲೆಕ್ಕಕ್ಕೆ ಮರ್ಯಾದಸ್ಥ. ಅಳಿಸೋ ಅಷ್ಟು ಕಷ್ಟಾನೂ ಪಡದೇ ಇರೋರು ಇರ್ತಾರೆ."

ಹಾಗಂದರೇನು ಎಂದು ನಾನು ಕೇಳಲಿಲ್ಲ. ದೋಸೆ ತಿನ್ನಲು ಹೋದೆವು. ಅಲ್ಲಿ ಅತ್ತೆ ಪಲ್ಯ ಬಿಡಿಸಿ ಆಲೂಗಡ್ಡೆ ನಿನ್ನೆಯದೋ ಇವತ್ತಿನದೋ ಎಂದು ಪರೀಕ್ಷಿಸಿದರು.

ಅದೇ ವರ್ಷ, ಅಥವಾ ಮರುವರ್ಷ, ಮೆಲ್ಬರ್ನಿಗೆ ಹೋದಾಗ ಡಬ್ಬಿಯ ಪ್ರಸಂಗ ನಡೆಯಿತು. ಹೊರಡುವ ದಿನ ಅತ್ತೆ ಚಕ್ಕುಲಿ ಕಟ್ಟಿಕೊಡುತ್ತಿದ್ದರು. ಸ್ಟೀಲ್ ಡಬ್ಬಿ. ಊರಿನಿಂದ ತಂದ ಹಳೆಯ ಕಾಲದ ದಪ್ಪ ಸ್ಟೀಲು. ಅಷ್ಟರಲ್ಲಿ ನನಗೂ ಅವರ ಚಾಳಿ ಅಂಟಿತ್ತು. ಮುಚ್ಚಳ ಮಗುಚಿ ನೋಡಿದೆ. ನಮ್ಮ ಎಲ್ಲರ ಮನೆಯ ಪಾತ್ರೆಗಳ ಹಾಗೆ ಅದರ ಮೇಲೂ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿತ್ತು. ಮಾವನ ಇನಿಶಿಯಲ್, ಅತ್ತೆಯ ಹೆಸರು, ಒತ್ತಕ್ಷರ ಸಮೇತ. ಕೆಳಗೆ ಇಸವಿ. ಇಸವಿಯ ಕೊನೆಯ ಅಂಕೆ ಸವೆದಿತ್ತು. ಮೂರೂ ಇರಬಹುದು, ಎಂಟೂ ಇರಬಹುದು.

ಎಂಟಾದರೆ ಎಲ್ಲ ಸರಿ. ಅವರ ಮದುವೆಯ ಇಸವಿ ಎಂಟಕ್ಕೆ ಕೊನೆಯಾಗುತ್ತದೆ. ಇಪ್ಪತ್ತೈದನೆಯ ವಾರ್ಷಿಕೋತ್ಸವಕ್ಕೆ ಕೇಕಿನ ಮೇಲೆ ಅದನ್ನು ಬರೆಸಿದವಳೇ ನಾನು. ಮದುವೆಯಲ್ಲಿ ಬಂದ ಪಾತ್ರೆ ಅಂದುಕೊಳ್ಳಬಹುದು. ಆದರೆ ಮೂರಾದರೆ? ಮದುವೆಗೆ ಐದು ವರ್ಷ ಮೊದಲೇ ಗಂಡನ ಇನಿಶಿಯಲ್ ಹಾಕಿಕೊಂಡ ಹೆಂಡತಿ ಯಾರು?

"ಅತ್ತೆ, ಇದು ಮೂರಾ, ಎಂಟಾ?"

ಹಾಲಿನಲ್ಲಿ ಪೇಪರ್ ಓದುತ್ತಿದ್ದ ಮಾವ ಪುಟ ಮಗುಚಿದ ಸದ್ದು ಕೇಳಿಸಿತು. ಅಥವಾ ಮಗುಚುವುದು ನಿಂತದ್ದು ಕೇಳಿಸಿತು. ಅತ್ತೆ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡರು.

"ನಿಂಗೆ ಯಾವ್ದು ಬೇಕೋ ಅದು ಓದ್ಕೋ. ತಿಕ್ಕೀ ತಿಕ್ಕೀ ನಂಗೇ ಗೊತ್ತಾಗಲ್ಲ ಈಗ." ಚಕ್ಕುಲಿಗಳನ್ನು ಖಾಲಿ ಐಸ್‌ಕ್ರೀಮ್ ಡಬ್ಬಕ್ಕೆ ಸುರಿದರು. "ಸ್ಟೀಲು ಭಾರ. ಬಸ್ಸಲ್ಲಿ ಯಾಕೆ?"

ಅರ್ಧ ಚಕ್ಕುಲಿ ಮುರಿದಿದ್ದವು. ಬಸ್ಸಿನಲ್ಲಿ ಆ ಪುಡಿ ತಿನ್ನುತ್ತ ನಾನು ಮೂರು ಬರೆದೆ, ಎಂಟು ಬರೆದೆ, ಮಂಜು ಹಿಡಿದ ಕಿಟಕಿಯ ಗಾಜಿನ ಮೇಲೆ. ಆಮೇಲೆ ಮರೆತೆ. ಮದುವೆ, ಪಿಆರ್ ವೀಸಾ, ಕೆಲ್ಲಿವಿಲ್‌ನಲ್ಲಿ ಮನೆ, ಮಾರ್ಟ್‌ಗೇಜ್ ಎಂದು ವರ್ಷಗಳು ಹೋದವು. ಮರೆತಿದ್ದೆ ಎಂದು ಈಗ ಹೇಳುತ್ತಿದ್ದೇನೆ. ಮರೆತಿದ್ದರೆ ಆ ಕಿಟಕಿ ಯಾಕೆ ನೆನಪಿದೆ?

ಅತ್ತೆ ಹೋದ ಸುದ್ದಿಯನ್ನು ಮೈಸೂರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದವಳು ನಾನೇ. ಅಮ್ಮ, "ಅಯ್ಯೋ ಪಾಪ, ಇವಳೂ ಹೋದ್ಲಾ!" ಎಂದಳು.

ಇವಳು ಹೋದಳಾ ಎನ್ನಲಿಲ್ಲ. ಇವಳೂ.

"ಇವಳೂ ಅಂದ್ರೆ?" ಎಂದೆ.

"ಅಂದ್ರೆ ಏನು? ಮೊನ್ನೆ ಎದುರುಮನೆ ಮೇಷ್ಟ್ರ ಹೆಂಡ್ತಿ ಹೋದ್ರಲ್ಲ, ಅದೇ ನೆನಪಲ್ಲಿ ಅಂದೆ. ನೀನೊಬ್ಳು, ಮಾತಿಗೆ ಮಾತು ಹಿಡೀತೀಯ, ಥೇಟ್ ಅವಳ ಥರ."

ಎದುರುಮನೆಯ ಮೇಷ್ಟರ ಹೆಂಡತಿಯನ್ನು ಅಮ್ಮ ಎಂದೂ ಏಕವಚನದಲ್ಲಿ ಹೇಳಿದವಳಲ್ಲ. ಈಗಲೂ "ಹೋದ್ರಲ್ಲ" ಎಂದೇ ಅಂದಳು. 'ಇವಳೂ' ಎನ್ನಬೇಕಾದರೆ ಮೊದಲು ಒಬ್ಬ 'ಅವಳು' ಇರಬೇಕು. ಒಂದು ದೀರ್ಘ ಸ್ವರದ ಮೇಲೆ ಇಷ್ಟು ಭಾರ ಹೇರಬಾರದು ಎಂದು ಗೊತ್ತು. ಆದರೆ ಆ ವಿಗ್ರಹದ ಬೆನ್ನಿನ ತಗ್ಗು ಕೂಡ ಬೆರಳಗಲಕ್ಕಿಂತ ದೊಡ್ಡದಿರಲಿಲ್ಲ.

ಮೆಲ್ಬರ್ನಿಗೆ ಹೋದೆ. ಕಾರ್ಯವೆಲ್ಲ ಮುಗಿದ ಮೇಲೆ ಮಾವ ನನಗೆ ಚಹಾ ಮಾಡಿಕೊಟ್ಟರು. ಅತ್ತೆಗೂ ಪ್ರತಿ ಬೆಳಿಗ್ಗೆ ಅವರೇ ಮಾಡಿಕೊಡುತ್ತಿದ್ದದ್ದು. ಅವರನ್ನು ಕೆಟ್ಟವರು ಅನ್ನಲು ನನ್ನ ಹತ್ತಿರ ಏನೂ ಇಲ್ಲ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ ಕೈಗಳು ಅವು. ಫಲಕದ ಮಾತು ತೆಗೆದಾಗ ಅವರು ಮೊದಲ ಸಲ ನನ್ನೆದುರು ಹೆಂಡತಿಯ ಹೆಸರು ಹೇಳಿದರು. ನಿಧಾನವಾಗಿ, ಒತ್ತಕ್ಷರವನ್ನು ಸ್ಪಷ್ಟವಾಗಿ ಒತ್ತಿ. ಯಾವುದೋ ಪಾತ್ರೆಯ ಮೇಲಿನಿಂದ ಓದುತ್ತಿರುವ ಹಾಗೆ ಕೇಳಿಸಿತು ನನಗೆ. ಇದು ನನ್ನ ಅನುಮಾನ ಕೇಳಿಸಿಕೊಂಡದ್ದೋ, ನನ್ನ ಕಿವಿ ಕೇಳಿಸಿಕೊಂಡದ್ದೋ?

"ಈ ಹೆಸರು ನಮ್ಮಮ್ಮಂಗೆ ತುಂಬ ಇಷ್ಟ," ಎಂದರು ಆಮೇಲೆ. "ಮನೆಗೆ ಒಗ್ಗಿದ ಹೆಸರು ಅನ್ನೋರು."

ಒಗ್ಗಿದ. ಮನೆಗೆ ಹೊಸದಾಗಿ ಬಂದ ಸೊಸೆಯ ಹೆಸರು ಅಷ್ಟು ಬೇಗ ಹೇಗೆ ಒಗ್ಗುತ್ತದೆ?

ನಮ್ಮಲ್ಲಿ ಒಂದು ಪದ್ಧತಿ ಇದೆ. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರವಿ, ಗಂಡನ ಕೈಯಲ್ಲಿ ಉಂಗುರ ಕೊಟ್ಟು ಹೆಂಡತಿಯ ಹೆಸರು ಬರೆಸುತ್ತಾರೆ. ಬರೆದದ್ದೇ ಅವಳ ಹೆಸರು. ನನ್ನ ಅಜ್ಜಿಗೂ ಹೀಗೆ ಹೊಸ ಹೆಸರು ಬಂದಿತ್ತು, ಹಳೆಯದು ತವರಿನಲ್ಲೇ ಉಳಿಯಿತು. ನನ್ನ ಮದುವೆಯಲ್ಲಿ ಪುರೋಹಿತರು ಏನು ಬರೆಯಲಿ ಎಂದಾಗ ನನ್ನ ಹೆಸರನ್ನೇ ಬರೆಸಿದೆ. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ತಟ್ಟೆಯ ಹತ್ತಿರ ಬಗ್ಗಿ, ಅಕ್ಷರ ಅಕ್ಷರವಾಗಿ ಓದಿ, "ಸರಿ ಇದೆ" ಎಂದರು. ಅವರ ಕಣ್ಣಿನ ಪೊರೆ ಆಗಿನ್ನೂ ತೆಗೆದಿರಲಿಲ್ಲ, ಅದಕ್ಕೇ ಅಷ್ಟು ಬಗ್ಗಿದರು ಎಂದುಕೊಂಡಿದ್ದೆ.

ಈಗ ನನಗೆ ಕಾಣುವುದು ಇನ್ನೊಂದು ತಟ್ಟೆ. ಅದರ ಮೇಲೆ ಮಾವನ ಕೈ ಬರೆಯುವುದು ಹೊಸ ಹೆಸರನ್ನಲ್ಲ, ಒಮ್ಮೆ ಆಗಲೇ ಬರೆದಿದ್ದ ಹೆಸರನ್ನು. ಪಾತ್ರೆಗಳು ಆಗಲೇ ಅಡುಗೆಮನೆಯಲ್ಲಿ ಹೆಸರು ಕೊರೆಸಿಕೊಂಡು ಸಾಲಾಗಿ ಕೂತಿದ್ದವು. ಅಳಿಸುವ ಕಷ್ಟವಿರಲಿಲ್ಲ. ಇಷ್ಟು ವರ್ಷ ಅತ್ತೆ ಇನ್ನೊಬ್ಬಳ ಹೆಸರನ್ನು ದಿನವೂ ತಿಕ್ಕಿ ಬೆಳಗಿ ಬೋರಲು ಹಾಕುತ್ತಿದ್ದರು.

ಇಲ್ಲ, ಇದು ನನ್ನ ಕಲ್ಪನೆ. ಅಂಕೆ ಎಂಟೇ ಇರಬಹುದು. ಅಮ್ಮ ಬಾಯಿತಪ್ಪಿ ಒಂದು ಸ್ವರ ಎಳೆದಿರಬಹುದು. ಅತ್ತೆಗೆ ತಮ್ಮ ಹೆಸರು ನಿಜಕ್ಕೂ ಪ್ರಿಯವಾಗಿದ್ದು, ಆಸ್ಟ್ರೇಲಿಯಾದವರು ಅದನ್ನು ಕೆಡಿಸಿ ಕರೆಯುವುದು ಸಹಿಸದೆ ತಿರುಗದೇ ಇದ್ದಿರಬಹುದು. ಒಬ್ಬ ಹೆಂಗಸು ಸತ್ತು ಎರಡು ತಿಂಗಳಲ್ಲಿ ನಾನು ಅವಳನ್ನು ತೀಡಿ ತೀಡಿ ನನಗೆ ಬೇಕಾದ ಕಥೆ ಕೊರೆಯುತ್ತಿದ್ದರೆ, ಆ ರಾಜನಿಗೂ ನನಗೂ ಏನು ವ್ಯತ್ಯಾಸ? ಆದರೆ ಅಕಸ್ಮಾತ್ ನಿಜವಾಗಿದ್ದರೆ, ಈ ಸಲ ಅಕ್ಕಿಯ ಮೇಲಲ್ಲ, ಕಂಚಿನ ಮೇಲೆ ಆ ಹೆಸರು ಬರೆಯುವ ಕೈ ನನ್ನದು.

ಮಾವ ನಿನ್ನೆಯೂ ಫೋನ್ ಮಾಡಿದ್ದರು. "ಏನಮ್ಮ, ಒತ್ತಕ್ಷರ ಕೂತ್ಕೊಳ್ತಾ?"

"ಇನ್ನೊಂಚೂರು ಸರಿ ಮಾಡ್ಬೇಕು ಮಾವ," ಎಂದೆ.

ಅವರನ್ನೇ ಕೇಳಬಹುದಿತ್ತು. ಒಬ್ಬರೇ ಕೂತು ಒಂದೇ ಕಪ್ ಚಹಾ ಮಾಡಿಕೊಳ್ಳುವ ಮನುಷ್ಯನನ್ನು ಕೇಳಲು ಬಾಯಿ ಬರಲಿಲ್ಲ. ಅಮ್ಮನನ್ನು ಕೇಳಿದೆ, ಹೋದ ತಿಂಗಳೇ. "ಮಾವಂಗೆ ಮೊದಲು ಒಂದು ಮದುವೆ ಆಗಿತ್ತಾ?" ಎಂದು. "ಕುಕ್ಕರ್ ಕೂಗ್ತಿದೆ" ಎಂದು ಫೋನ್ ಇಟ್ಟಳು. ನನಗೆ ಯಾವ ಕುಕ್ಕರೂ ಕೇಳಿಸಲಿಲ್ಲ. ಮುಂದಿನ ಸಲ, "ನಿನ್ನ ಫೋನ್ ಕಾರ್ಡ್ ಮುಗಿಯತ್ತೆ, ಇಡು" ಎಂದಳು. ಅದರ ಮುಂದಿನ ಸಲ, "ಹೋದೋರ ವಿಷಯ ನಮಗ್ಯಾಕೆ? ಇದ್ದೋರು ಚೆನ್ನಾಗಿರ್ಲಿ" ಎಂದಳು. ಇಲ್ಲ ಎಂದು ಮಾತ್ರ ಒಮ್ಮೆಯೂ ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಬಿಳಿ ಹಾಳೆ ಎದುರಿಗೆ ಇಟ್ಟುಕೊಂಡು ಅಮ್ಮನಿಗೆ ಮತ್ತೆ ಫೋನ್ ಮಾಡಿದೆ. ಅಮ್ಮ ಮಳೆ, ತರಕಾರಿ, ತನ್ನ ಮಂಡಿನೋವು ಎಲ್ಲ ಹೇಳಿದಳು. ನಾನು ಮದುವೆಯ ಮಾತು ಎತ್ತಲಿಲ್ಲ, ಇಸವಿಯ ಮಾತು ಎತ್ತಲಿಲ್ಲ. ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಇಷ್ಟೇ ಕೇಳಿದೆ.

"ಅಮ್ಮ, ಅತ್ತೇನ ಅವರಮ್ಮ ಏನಂತ ಕರೀತಿದ್ರು?"